ಬಿದಿರು, ಮರ, ಅಂಟು: ಜಪಾನಿನ ಪದರಬಿಲ್ಲಿನ ನಿರ್ಮಾಣ ಪರಂಪರೆ

ಬಿಲ್ಲಿನ ಚರಿತ್ರೆಯನ್ನು ಯುದ್ಧಚರಿತ್ರೆಯ ಉಪಾಂಗವಾಗಿ ಓದುವುದು ರೂಢಿಯಲ್ಲಿದೆ. ಬಾಣ ಬಿಟ್ಟವರಿಗೆ ದೊರೆತಷ್ಟು ಗಮನ ಬಿಲ್ಲು ಕಟ್ಟಿದವರಿಗೆ ದೊರೆತಿಲ್ಲ. ಭೌತಿಕ ಸಂಸ್ಕೃತಿಯ ಅಧ್ಯಯನದ ದೃಷ್ಟಿಯಿಂದ ನೋಡಿದರೆ ಬಿಲ್ಲು ಆಯುಧವಾಗುವುದಕ್ಕೆ ಮೊದಲು ಒಂದು ಕಸುಬಿನ ಫಲವಾಗಿರುತ್ತದೆ. ಕಸುಬು ತನ್ನ ಸುತ್ತಲಿನ ಕಾಡು, ಹವೆ ಮತ್ತು ಇತರ ಕಸುಬುಗಳನ್ನು ಆಶ್ರಯಿಸಿ ನಿಂತಿರುತ್ತದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಆಯುಧಾಗಾರದ ಪ್ರಸ್ತಾಪದಲ್ಲಿ ಬಿಲ್ಲುಗಳನ್ನು ತಾಳೆ, ಬಿದಿರು, ಮರ ಮತ್ತು ಕೊಂಬು ಎಂಬ ಮೂಲದ್ರವ್ಯಗಳಿಂದಲೇ ವಿಂಗಡಿಸುತ್ತದೆ. ಬಿಲ್ಲನ್ನು ಅದರ ದ್ರವ್ಯದಿಂದ ಗುರುತಿಸುವ ಈ ಕ್ರಮ ಪ್ರಾಚೀನವಾದುದು. ಒಂದೇ ಬಿಲ್ಲಿನಲ್ಲಿ ಹಲವು ದ್ರವ್ಯಗಳು ಕೂಡಿದಾಗ ಈ ವಿಂಗಡಣೆ ಸಾಲದಾಗುತ್ತದೆ. ಬಿದಿರು ಮತ್ತು ಮರದ ದಬ್ಬೆಗಳನ್ನು ಒಂದರ ಮೇಲೊಂದು ಅಂಟಿಸಿ ಕಟ್ಟುವ ಜಪಾನಿನ ನೀಳಬಿಲ್ಲು ‘ಯುಮಿ’ ಇಂತಹ ಕೂಡುಬಿಲ್ಲಿಗೆ ಒಳ್ಳೆಯ ನಿದರ್ಶನ. ಅದರ ನಿರ್ಮಾಣಕ್ರಮವನ್ನು ವಿವರಿಸುತ್ತ, ಅದರ ಒಂದೊಂದು ಪದರವೂ ಯಾವ ಯಾವ ಬದುಕನ್ನು ಅವಲಂಬಿಸಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಏಕಮರದಿಂದ ಪದರಕ್ಕೆ

ಯುಮಿ ಸುಮಾರು 221 ಸೆಂಟಿಮೀಟರ್ ಉದ್ದವಿರುತ್ತದೆ. ಅದರ ಹಿಡಿ ನಡುವಿನಲ್ಲಿರದೆ ಕೆಳತುದಿಯಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಮೇಲಿರುತ್ತದೆ. ಈ ಅಸಮ ಆಕಾರ ಬಹು ಹಳೆಯದು. ಜಪಾನಿನ ಜನರು ಬಳಸುವ ಮರದ ಬಿಲ್ಲಿನ ಕೆಳಭಾಗ ಗಿಡ್ಡ, ಮೇಲ್ಭಾಗ ಉದ್ದ ಎಂಬ ಮಾತು 3ನೇ ಶತಮಾನದ ಚೀನೀ ಚರಿತ್ರೆಗ್ರಂಥದಲ್ಲಿಯೇ ಬಂದಿದೆ. ಆ ಕಾಲದ ಬಿಲ್ಲುಗಳು ಒಂದೇ ಮರದ ಕೊಂಬೆಯಿಂದಲೋ ಕಾಂಡದಿಂದಲೋ ಕೆತ್ತಿದವು. ಬಿಲ್ಲಿಗೆ ಒದಗುತ್ತಿದ್ದ ಒಂದು ಮರಕ್ಕೆ ‘ಮಯುಮಿ’, ಅಂದರೆ ‘ನಿಜವಾದ ಬಿಲ್ಲು’, ಎಂಬ ಹೆಸರೇ ನಿಂತಿರುವುದು ಗಮನಾರ್ಹವಾಗಿದೆ. ನಾರಾ ನಗರದ ಶೋಸೋಯಿನ್ ಭಂಡಾರದಲ್ಲಿ 8ನೇ ಶತಮಾನದ ಏಕಮರದ ಬಿಲ್ಲುಗಳು ಇಂದಿಗೂ ಉಳಿದಿವೆ.

ಏಕಮರದ ಬಿಲ್ಲಿಗೆ ಒಂದು ಮಿತಿಯಿದೆ. ಹೆದೆಯನ್ನು ಸೆಳೆದಾಗ ಬಿಲ್ಲಿನ ಹೊರಮೈ, ಎಂದರೆ ಗುರಿಯ ಕಡೆಗಿನ ಮೈ, ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿನ ಒಳಮೈ ಕುಗ್ಗುತ್ತದೆ. ನಡುಭಾಗ ಇವೆರಡನ್ನೂ ಜಾರಗೊಡದೆ ಹಿಡಿದಿರುತ್ತದೆ. ಈ ಮೂರು ಕೆಲಸಗಳನ್ನೂ ಒಂದೇ ಮರ ಮಾಡಬೇಕಾದಾಗ ಹೊರಮೈ ಸಿಬಿರೆದ್ದು ಮುರಿಯುವುದು ಸಹಜ. ಹೇಯಾನ್ ಯುಗದ (794–1185) ಉತ್ತರಾರ್ಧದಲ್ಲಿ ಮರದ ಹೊರಮೈಗೆ ಬಿದಿರಿನ ದಬ್ಬೆಯನ್ನು ಅಂಟಿಸುವ ಕ್ರಮ ಬಳಕೆಗೆ ಬಂದಿತು. ಬಿದಿರಿನ ಎಳೆಗಳು ಸಿಪ್ಪೆಯ ಬಳಿ ಒತ್ತಾಗಿರುವುದರಿಂದ ಅದು ಸೆಳೆತವನ್ನು ಚೆನ್ನಾಗಿ ತಾಳುತ್ತದೆ. ಮುಂದೆ ಒಳಮೈಗೂ ಬಿದಿರು ಬಂದಿತು. ಆಮೇಲೆ ಮರದ ನಾಲ್ಕೂ ಬದಿಗೆ ಬಿದಿರನ್ನು ಹೊದಿಸುವ ಬಗೆ ರೂಢಿಯಾಯಿತು. ಕೊನೆಯದಾಗಿ ಬಿಲ್ಲಿನ ಗರ್ಭವನ್ನೂ ತೆಳುವಾದ ಬಿದಿರಿನ ಸೀಳುಗಳಿಂದ ತುಂಬುವ ‘ಹಿಗೊ’ ರಚನೆ ನೆಲೆಗೊಂಡಿತು. ಈ ಬೆಳವಣಿಗೆ ಹಲವು ತಲೆಮಾರುಗಳ ಕಸುಬುದಾರರು ಹಂತಹಂತವಾಗಿ ಸಾಧಿಸಿದ್ದು.

ಇಂತಹ ಬಿಲ್ಲು ಎಷ್ಟನ್ನು ತಾಳಬೇಕಾಗಿತ್ತು ಎಂಬುದಕ್ಕೆ ಕ್ಯೋಟೋದ ಸಂಜೂಸಂಗೆಂದೊ ದೇವಾಲಯದ ಸ್ಪರ್ಧೆಗಳು ಸಾಕ್ಷಿಯಾಗಿವೆ. ಸುಮಾರು 120 ಮೀಟರ್ ಉದ್ದದ ಜಗಲಿಯಲ್ಲಿ, ಸೂರಿಗೆ ತಾಗದಂತೆ ಬಾಣವನ್ನು ಇನ್ನೊಂದು ತುದಿಗೆ ದಾಟಿಸುವುದು ಇಲ್ಲಿಯ ಪಂಥ. 1686ರಲ್ಲಿ ವಾಸಾ ದೈಹಾಚಿರೊ ಎಂಬ ಬಿಲ್ಲುಗಾರ ಒಂದು ಹಗಲು ಒಂದು ರಾತ್ರಿಯಲ್ಲಿ 13,053 ಬಾಣಗಳನ್ನು ಬಿಟ್ಟು, ಅವುಗಳಲ್ಲಿ 8,133ನ್ನು ದಾಟಿಸಿದನೆಂದು ದಾಖಲೆಯಿದೆ. ದಾಖಲೆಯಲ್ಲಿ ಉಳಿದಿರುವುದು ಬಿಲ್ಲುಗಾರನ ಹೆಸರು. ಆದರೆ ಅಷ್ಟು ಸೆಳೆತಗಳನ್ನು ತಾಳುವ ಬಿಲ್ಲುಗಳ ಹಿಂದೆ ಹೆಸರು ಉಳಿಯದ ಕೈಗಳೂ ಇದ್ದವು.

ದ್ರವ್ಯಗಳ ಆಯ್ಕೆ

ಇಂದು ಜಪಾನಿನ ಬಿದಿರುಬಿಲ್ಲುಗಳ ಬಹುಪಾಲು ಕ್ಯೂಷು ದ್ವೀಪದ ದಕ್ಷಿಣದ ಮಿಯಾಝಾಕಿ ಪ್ರಾಂತದಲ್ಲಿರುವ ಮಿಯಾಕೊನೊಜೊ ಪಟ್ಟಣದಲ್ಲಿ ತಯಾರಾಗುತ್ತದೆ. ಇಲ್ಲಿಯ ಬಿಲ್ಲು 1994ರಲ್ಲಿ ಜಪಾನ್ ಸರ್ಕಾರದಿಂದ ಸಾಂಪ್ರದಾಯಿಕ ಕರಕುಶಲ ವಸ್ತುವೆಂದು ಮಾನ್ಯತೆ ಪಡೆಯಿತು. ಇನ್ನೂರಕ್ಕೂ ಹೆಚ್ಚು ಹಂತಗಳ ಕೆಲಸವನ್ನು ಒಬ್ಬನೇ ಕಸುಬುದಾರ ಮೊದಲಿನಿಂದ ಕೊನೆಯವರೆಗೆ ಮಾಡುವುದು ಈ ಪರಂಪರೆಯ ವೈಶಿಷ್ಟ್ಯ.

ಕೆಲಸ ಆರಂಭವಾಗುವುದು ಬಿದಿರುಮೆಳೆಯಲ್ಲಿ. ಮೂರು ನಾಲ್ಕು ವರ್ಷ ಬಲಿತ ‘ಮದಾಕೆ’ ಜಾತಿಯ ಬಿದಿರನ್ನು ಚಳಿಗಾಲ ಕಾಲಿಡುವ ಹೊತ್ತಿನಲ್ಲಿ ಕಡಿಯುತ್ತಾರೆ. ಆಗ ಬಿದಿರಿನಲ್ಲಿ ರಸ ಇಳಿದಿರುತ್ತದೆ, ಹುಳು ಹಿಡಿಯುವ ಭಯ ಕಡಿಮೆ. ಕರ್ನಾಟಕದ ಮೇದಾರರಲ್ಲಿ ಬಿದಿರು ಕಡಿಯಲು ಕಾಲ, ಪಕ್ಷ ನೋಡುವ ರೂಢಿಯ ಹಿಂದಿರುವ ಅನುಭವವೂ ಇದೇ ಬಗೆಯದು. ಕಡಿದ ಬಿದಿರನ್ನು ಸೀಳಿ, ಬೆಂಕಿಯ ಕಾವಿಗೆ ಹಿಡಿದು ಎಣ್ಣೆ ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಗೆಣ್ಣುಗಳ ನಡುವಿನ ಅಂತರವನ್ನು ನೋಡಿ ಹೊರಮೈ ಮತ್ತು ಒಳಮೈಗೆ ತಕ್ಕ ದಬ್ಬೆಗಳನ್ನು ಆರಿಸುತ್ತಾರೆ.

ಗರ್ಭಕ್ಕೆ ಹಾಕುವ ಸೀಳುಗಳನ್ನು ಬೆಂಕಿಯಲ್ಲಿ ಕಂದಿಸಿ ಬಿಗಿಗೊಳಿಸುತ್ತಾರೆ. ಈ ಸೀಳುಗಳ ಎರಡೂ ಪಕ್ಕಗಳಿಗೆ ‘ಹಜೆ’ ಎಂಬ ಮರದ ಪಟ್ಟಿಗಳು ಬರುತ್ತವೆ. ಹೀಗೆ ಬಿಲ್ಲನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಹೊರಗೊಂದು ಮತ್ತು ಒಳಗೊಂದು ಬಿದಿರು ದಬ್ಬೆ, ಪಕ್ಕಗಳಲ್ಲಿ ಮರ, ನಡುವೆ ಸಾಲಾಗಿ ನಿಂತ ಕಂದುಬಿದಿರಿನ ಸೀಳುಗಳು ಕಾಣುತ್ತವೆ.

ಇವೆಲ್ಲವನ್ನೂ ಹಿಡಿದಿಡುವುದು ‘ನಿಬೆ’ ಎಂಬ ಅಂಟು. ಜಿಂಕೆಯ ಚರ್ಮವನ್ನು ಕುದಿಸಿ ಇದನ್ನು ತೆಗೆಯುತ್ತಾರೆ. ಹಿಂದಿನ ಬಡಗಿಗಳ ಸರೇಸಿನ ಜಾತಿಗೇ ಸೇರಿದ್ದು. ಚರ್ಮದ ಅಂಟು ಬಿಸಿಯಲ್ಲಿ ಹರಿಯುತ್ತದೆ, ತಂಪಿನಲ್ಲಿ ಬಿಗಿಯುತ್ತದೆ, ತೇವದಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಬಿಲ್ಲು ಕಟ್ಟುವ ಕೆಲಸಕ್ಕೆ ಒಣಹವೆಯ ಚಳಿಗಾಲವೇ ಸೂಕ್ತ.

ಕಟ್ಟುವ ಕ್ರಮ

ದಬ್ಬೆಗಳಿಗೆ ಅಂಟು ಬಳಿದು ಜೋಡಿಸಿದ ಕೂಡಲೇ ಇಡೀ ಬಿಲ್ಲನ್ನು ತುದಿಯಿಂದ ತುದಿಗೆ ಹಗ್ಗದಿಂದ ಸುತ್ತುತ್ತಾರೆ. ಹಗ್ಗ ಮತ್ತು ಬಿಲ್ಲಿನ ನಡುವೆ ನೂರರಷ್ಟು ಬಿದಿರಿನ ಬೆಣೆಗಳನ್ನು ಕೊಡತಿಯಿಂದ ಬಡಿದು ಸೇರಿಸುತ್ತಾರೆ. ಬೆಣೆ ಇಳಿದಂತೆ ಹಗ್ಗ ಬಿಗಿಯುತ್ತದೆ, ಪದರಗಳು ಒಂದನ್ನೊಂದು ಕಚ್ಚುತ್ತವೆ, ಹೆಚ್ಚಾದ ಅಂಟು ಹೊರಗೆ ಬರುತ್ತದೆ. ಬೆಣೆ ಬಡಿಯುತ್ತಲೇ ಬಿಲ್ಲನ್ನು ಹೆದೆ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಬಾಗಿಸಬೇಕು. ಈ ಹಿಂಬಾಗಿನಿಂದಲೇ ಬಿಲ್ಲಿಗೆ ಕಸುವು ಬರುತ್ತದೆ. ಅಂಟು ಬಿಗಿಯುವ ಮೊದಲೇ ಇವೆಲ್ಲ ಮುಗಿಯಬೇಕಾದುದರಿಂದ ನಿರ್ಮಾಣದಲ್ಲಿ ಅತ್ಯಂತ ಕಠಿಣವಾದ ಹಂತ ಇದು. ಯಾವ ಬೆಣೆಗೆ ಎಷ್ಟು ಪೆಟ್ಟು ಎಂಬುದಕ್ಕೆ ಅಳತೆಗೋಲಿಲ್ಲ. ಕಣ್ಣು ಮತ್ತು ಕೈಗಳೇ ಪ್ರಮಾಣ.

ಅಂಟು ಆರಿದ ಮೇಲೆ ಹಗ್ಗ, ಬೆಣೆಗಳನ್ನು ಬಿಚ್ಚಿ, ತುದಿಗಳಿಗೆ ಮರದ ತುಂಡುಗಳನ್ನು ಅಂಟಿಸಿ, ಹೆದೆ ಸಿಕ್ಕಿಸುವ ಕೊಪ್ಪುಗಳನ್ನು ಕೆತ್ತುತ್ತಾರೆ. ಮೊದಲ ಬಾರಿಗೆ ಹೆದೆ ಏರಿಸುವಾಗ ಹಿಂದಕ್ಕೆ ಬಾಗಿದ ಬಿಲ್ಲನ್ನು ಮುಂದಕ್ಕೆ ತಿರುಗಿಸಬೇಕಾಗುತ್ತದೆ. ಅಂಟಿನಲ್ಲಿಯೋ ಬಿದಿರಿನಲ್ಲಿಯೋ ದೋಷವಿದ್ದರೆ ಅದು ಬಯಲಾಗುವುದು ಈ ಹಂತದಲ್ಲಿ. ಹೆದೆ ಏರಿದ ಬಿಲ್ಲನ್ನು ಕೆಲಕಾಲ ಹಾಗೆಯೇ ಇರಿಸಿ, ಕಾಲಿನಿಂದ ಒತ್ತಿ, ಕೈಯಿಂದ ತಿದ್ದಿ ಅದರ ಬಾಗು ನಿಲ್ಲುವಂತೆ ಮಾಡುತ್ತಾರೆ. ಕೊನೆಗೆ ಪಕ್ಕಗಳನ್ನೂ ಒಳಮೈಯನ್ನೂ ಸ್ವಲ್ಪಸ್ವಲ್ಪವಾಗಿ ಹೆರೆದು ಮೇಲಿನ ಮತ್ತು ಕೆಳಗಿನ ತೋಳುಗಳ ಬಲವನ್ನು ಸರಿದೂಗಿಸುತ್ತಾರೆ. ಹಿಡಿಗೆ ಚರ್ಮ, ಅಲ್ಲಲ್ಲಿ ಬೆತ್ತದ ಸುತ್ತು ಬಂದಾಗ ಬಿಲ್ಲು ಸಿದ್ಧವಾಗುತ್ತದೆ. ಒಳ್ಳೆಯ ಬಿಲ್ಲನ್ನು ಹೆದೆಯ ನಾದದಿಂದಲೂ ಗುರುತಿಸುತ್ತಾರೆ. ಈ ನಾದಕ್ಕೆ ‘ತ್ಸುರುನೆ’ ಎಂಬ ಪ್ರತ್ಯೇಕ ಪದವಿದೆ.

ಬಿಲ್ಲು ಕಸುಬುದಾರನ ಕೈಬಿಟ್ಟ ಮೇಲೂ ಅದರ ನಿರ್ಮಾಣ ಮುಗಿಯುವುದಿಲ್ಲ. ನಿಬೆಯ ಬಿಲ್ಲು ಹವೆಗೆ ತಕ್ಕಂತೆ ಬಾಗು ಬದಲಿಸುತ್ತದೆ. ಮಳೆಗಾಲದಲ್ಲಿ ಅದಕ್ಕೆ ವಿಶ್ರಾಂತಿ ಬೇಕು. ಬಳಸುವ ಮೊದಲು ಬಾಗನ್ನು ನೋಡಿ ತಿದ್ದಬೇಕು. ಹೀಗಾಗಿ ಬಿಲ್ಲುಗಾರನೂ ಕಸುಬಿನ ಜ್ಞಾನದ ಒಂದು ಪಾಲನ್ನು ಹೊಂದಿರಲೇಬೇಕಾಗುತ್ತದೆ.

ಪದರಗಳ ಹಿಂದಿನ ಬದುಕು

20ನೇ ಶತಮಾನದ ಉತ್ತರಾರ್ಧದಲ್ಲಿ ಗಾಜುನಾರಿನ ಬಿಲ್ಲುಗಳೂ ಅನಂತರ ಕಾರ್ಬನ್ ಬಿಲ್ಲುಗಳೂ ಬಂದವು. ಇವು ಅಗ್ಗವಾದವು, ಹವೆಗೆ ಬಗ್ಗುವುದಿಲ್ಲ, ಶಾಲಾ ವಿದ್ಯಾರ್ಥಿಗಳಿಗೆ ಅನುಕೂಲವಾದವು. ಬಿದಿರುಬಿಲ್ಲು ಕಟ್ಟುವವರಲ್ಲಿಯೂ ಹೆಚ್ಚಿನವರು ನಿಬೆಯನ್ನು ಬಿಟ್ಟು ರಾಸಾಯನಿಕ ಅಂಟಿಗೆ ಹೊರಳಿದ್ದಾರೆ. ಇದನ್ನು ಕೇವಲ ಅವನತಿಯೆಂದು ಕರೆಯುವುದು ಸರಿಯಲ್ಲ. ಮರಕ್ಕೆ ಬಿದಿರು ಸೇರಿಸಿದವರೂ ತಮ್ಮ ಕಾಲದಲ್ಲಿ ಹೊಸತನ್ನೇ ಮಾಡಿದ್ದರು. ಆದರೆ ಈಗಿನ ಬದಲಾವಣೆಯಲ್ಲಿ ದ್ರವ್ಯದೊಂದಿಗೆ ಅದನ್ನು ಸುತ್ತಿದ ಬದುಕೂ ಕಳಚಿಕೊಳ್ಳುತ್ತಿದೆ.

ಪಕ್ಕದ ಪದರಕ್ಕೆ ಒದಗುವ ಹಜೆ ಮರವನ್ನು ಎಡೊ ಯುಗದಲ್ಲಿ (1603–1868) ಕ್ಯೂಷುವಿನ ಸಂಸ್ಥಾನಗಳು ಬೆಳೆಸಿದ್ದು ಬಿಲ್ಲಿಗಾಗಿ ಅಲ್ಲ. ಅದರ ಕಾಯಿಯಿಂದ ಬರುವ ಮೇಣದ ಬತ್ತಿಗಾಗಿ. ಬತ್ತಿಯ ಬೆಳಕು ಹಿಂದೆ ಸರಿದಾಗ ಆ ಮರವನ್ನು ನೆಡುವ ಕಾರಣವೂ ಸಡಿಲವಾಯಿತು. ಬಿಲ್ಲಿಗೆ ಶ್ರೇಷ್ಠವೆಂದು ಎಣಿಸುವ ಇನ್ನೊಂದು ದ್ರವ್ಯ ‘ಸುಸುದಾಕೆ’. ಹುಲ್ಲುಮಾಡಿನ ಮನೆಗಳಲ್ಲಿ ಒಲೆಯ ಮೇಲ್ಗಡೆ ತಲೆಮಾರುಗಳ ಕಾಲ ಹೊಗೆ ಕುಡಿದು ಕಂದಿದ ಸೂರಿನ ಬಿದಿರು ಇದು. ಮನೆಯ ನಡುವಿನ ಒಲೆ ಹೋದ ಮೇಲೆ ಈ ಬಿದಿರನ್ನು ಹೊಸದಾಗಿ ಪಡೆಯುವ ದಾರಿಯಿಲ್ಲ. ಕೆಡವಿದ ಹಳೆಯ ಮನೆಗಳಿಂದ ಬಂದಷ್ಟೇ ಉಂಟು. ಇವುಗಳಲ್ಲಿ ಯಾವುದೂ ಬಿಲ್ಲುಕಸುಬಿನ ಒಳಗಿನ ಘಟನೆಯಲ್ಲ. ಆದರೆ ಪ್ರತಿಯೊಂದೂ ಬಿಲ್ಲಿನ ಒಂದೊಂದು ಪದರವನ್ನು ತಟ್ಟಿದೆ.

ಒಂದು ಕಸುಬನ್ನು ಉಳಿಸುವುದೆಂದರೆ ಕಸುಬುದಾರನಿಗೆ ಮನ್ನಣೆ ಕೊಡುವುದು, ಅವನ ಉಪಕರಣಗಳನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸುವುದು ಎಂಬ ತಿಳುವಳಿಕೆ ಸಾಮಾನ್ಯವಾಗಿದೆ. ಅಷ್ಟು ಸಾಲದೆಂಬುದನ್ನು ಯುಮಿಯ ಉದಾಹರಣೆ ಸ್ಪಷ್ಟಪಡಿಸುತ್ತದೆ. ಬಿದಿರುಮೆಳೆ, ಮೇಣದ ಮರ, ಬೇಟೆಗಾರನ ಚರ್ಮ, ಮನೆಯ ಒಲೆ, ಚಳಿಗಾಲದ ಒಣಹವೆ, ತಿದ್ದಿ ಬಳಸಬಲ್ಲ ಬಿಲ್ಲುಗಾರ ಇವೆಲ್ಲ ಕೂಡಿದಾಗ ಮಾತ್ರ ಆ ಬಿಲ್ಲು ಹಳೆಯ ರೀತಿಯಲ್ಲಿ ಸಾಧ್ಯವಾಗುತ್ತದೆ. ಜನಪದ ಕಸುಬುಗಳನ್ನು ದಾಖಲಿಸುವಾಗ ಅಳತೆ, ಉಪಕರಣ, ಹಂತಗಳ ಜೊತೆಗೆ ಒಂದೊಂದು ದ್ರವ್ಯವೂ ಯಾವ ಕಸುಬಿನ ಅಂಗಳದಿಂದ ಬಂದಿತು, ಆ ಅಂಗಳ ಈಗ ಏನಾಗಿದೆ ಎಂಬುದನ್ನೂ ದಾಖಲಿಸಬೇಕಾದ ಅಗತ್ಯವಿದೆ. ಕರ್ನಾಟಕದ ಬಿದಿರು, ಮರ, ಚರ್ಮದ ಕಸುಬುಗಳ ಅಧ್ಯಯನಕ್ಕೂ ಈ ಮಾತು ಅನ್ವಯಿಸುತ್ತದೆ.