ದೂರದ ವಿಮಾನಯಾನ: ಕಾಲಿನ ಕಡೆಗೂ ಗಮನವಿರಲಿ

ಮಗಳ ಬಾಣಂತನಕ್ಕೆಂದೋ ಮೊಮ್ಮಗನ ನಾಮಕರಣಕ್ಕೆಂದೋ ಅಮೆರಿಕಕ್ಕೆ ಹೊರಡುವ ಹಿರಿಯರು ಜಯನಗರ, ಬನಶಂಕರಿಯಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ಚಟ್ನಿಪುಡಿ, ಸಾರಿನ ಪುಡಿ, ಬಾಣಂತಿ ಲೇಹ್ಯವನ್ನೆಲ್ಲ ತೂಗಿ ತೂಗಿ ಪೆಟ್ಟಿಗೆಗೆ ತುಂಬುವ ಇವರು ತಮ್ಮ ಕಾಲುಗಳನ್ನು ಮಾತ್ರ ಮರೆತಿರುತ್ತಾರೆ.

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವವನ್ನು ಹಾದು, ಎಲ್ಲಿಯೂ ಇಳಿಯದೆ ಬೆಂಗಳೂರು ತಲುಪಿತು. ಮಹಿಳಾ ಪೈಲಟ್‌ಗಳೇ ನಡೆಸಿದ ಆ ಹಾರಾಟ ದೊಡ್ಡ ಸುದ್ದಿಯಾಗಿತ್ತು. ಎರಡು ನಗರಗಳ ನಡುವಿನ ನೇರ ದೂರ ಸುಮಾರು 14,000 ಕಿ.ಮೀ.; ಹಾರಾಟಕ್ಕೆ ಸುಮಾರು 17 ಗಂಟೆ. ನಡುವೆ ಇಳಿದು ವಿಮಾನ ಬದಲಿಸುವವರಿಗೆ ಇಪ್ಪತ್ತು ಗಂಟೆಯೂ ದಾಟುತ್ತದೆ.

ಟಿಕೆಟ್ಟಿನಲ್ಲಿರುವ ಗಂಟೆಗಳೇ ಪೂರ್ತಿ ಲೆಕ್ಕವಲ್ಲ. ವಿಮಾನ ನಿಲ್ದಾಣ 2008ರಲ್ಲಿ ಎಚ್‌ಎಎಲ್‌ನಿಂದ ದೇವನಹಳ್ಳಿ ಕಡೆಗೆ ಹೋದ ಮೇಲೆ ಜೆ.ಪಿ. ನಗರದವರಿಗೆ ಅದು ನಲವತ್ತು ಕಿ.ಮೀ.ಗೂ ದೂರ. ಹೆಬ್ಬಾಳದಲ್ಲಿ ವಾಹನ ಸಿಕ್ಕಿಕೊಂಡರೆ ಎರಡು ಗಂಟೆ ಕಾರಿನಲ್ಲೇ ಹೋಯಿತು. ಮೂರು ಗಂಟೆ ಮುಂಚೆ ಅಲ್ಲಿರಬೇಕು, ಅಲ್ಲಿಯೂ ಕುರ್ಚಿಯೇ ಗತಿ. ಒಟ್ಟಿನಲ್ಲಿ ಒಂದು ಹಗಲು, ಒಂದು ರಾತ್ರಿ ಕುಳಿತೇ ಕಳೆಯುತ್ತದೆ.

ಹೃದಯವು ಕಾಲಿಗೆ ಕಳಿಸಿದ ರಕ್ತವನ್ನು ಮೇಲಕ್ಕೆ ಹಿಂಡುವುದು ಮೀನಖಂಡದ ಸ್ನಾಯುಗಳ ಕೆಲಸ. ನಡೆಯದಿದ್ದರೆ ಹಿಂಡುವವರಿಲ್ಲ. ಹರಿವು ನಿಧಾನವಾಗಿ, ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಗರಣೆ ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಕುಳಿತು ಪ್ರಯಾಣಿಸಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಗಾಬರಿ ಬೇಡ, ಆರೋಗ್ಯವಂತರಲ್ಲಿ ಇದು ಸುಮಾರು ಆರು ಸಾವಿರಕ್ಕೆ ಒಬ್ಬರಿಗೆ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಹಿಂದೊಮ್ಮೆ ಹೆಪ್ಪುಗಟ್ಟಿದವರು, ಕ್ಯಾನ್ಸರ್ ರೋಗಿಗಳು, ಗರ್ಭಿಣಿಯರು, ತೀರಾ ದಪ್ಪಗಿರುವವರು ಮಾತ್ರ ವೈದ್ಯರನ್ನು ಕಂಡೇ ಹೊರಡಬೇಕು. ಬಿಗಿ ಕಾಲುಚೀಲ ಬೇಕೇ ಎಂಬುದನ್ನು ಅವರೇ ಹೇಳಲಿ. ಪಕ್ಕದ ಮನೆಯವರ ಮಾತು ಕೇಳಿ ಆಸ್ಪಿರಿನ್ ನುಂಗಬೇಡಿ.

ಕಿಟಕಿಯ ಬದಿಯ ಸೀಟು ನೋಡಲು ಚೆಂದ, ಆದರೆ ಏಳುವುದಕ್ಕೆ ಸಂಕೋಚ. ನಡುದಾರಿಯ ಪಕ್ಕದ ಸೀಟು ಕೇಳಿ ಪಡೆಯಿರಿ. ಗಂಟೆ ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ. ಕುಳಿತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಬಿಡುವ ತಾಯಂದಿರಿದ್ದಾರೆ. ಅಲ್ಲಿಯ ಗಾಳಿ ಬಲು ಒಣ, ನೀರು ಬಿಡಕೂಡದು. ಕ್ಯಾಬಿನ್ನಿನ ಗಾಳಿಯ ಒತ್ತಡ ಊಟಿಯಷ್ಟು ಎತ್ತರದಲ್ಲಿದ್ದಂತೆ ಇರುವುದರಿಂದ ಹೃದಯ, ಶ್ವಾಸಕೋಶದ ತೊಂದರೆಯುಳ್ಳವರೂ ಮೊದಲೇ ಕೇಳಿಕೊಳ್ಳಬೇಕು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಗೊಂದಲ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಇನ್ಸುಲಿನ್ ಯಾವಾಗ, ಎಷ್ಟು ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಹೋಗಿ. ಔಷಧಿ ಕೈಚೀಲದಲ್ಲೇ ಇರಲಿ.

ತಲುಪಿದ ಮೇಲೂ ಕೆಲವು ವಾರ ಎಚ್ಚರ ಬೇಕು. ಎರಡೂ ಪಾದ ಕೊಂಚ ಊದಿದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಒಂದೇ ಕಾಲು ಊದಿ ನೋವಾದರೆ, ಏದುಸಿರು ಬಂದರೆ, ಎದೆ ನೊಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಬಂದ ವಿಷಯ ತಿಳಿಸಿ. ಮಗನಿಗೆ ಖರ್ಚಾದೀತೆಂದು ಬಾಯಿಬಿಡದವರೇ ಹೆಚ್ಚು. ಪ್ರಯಾಣ ವಿಮೆಯನ್ನು ಇಲ್ಲಿಂದಲೇ ಮಾಡಿಸಿ. ಅದರ ಕಾಗದ ಯಾವ ಚೀಲದಲ್ಲಿದೆ ಎಂಬುದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ.