ಗಾಜಿನೊಳಗಿನ ಕಡಲು

ಮೈಸೂರು, ಬೆಂಗಳೂರುಗಳಂತಹ ಒಳನಾಡಿನ ಪಟ್ಟಣಗಳಲ್ಲಿ ವಾಸಿಸುವ ನಮಗೆ ಸಮುದ್ರದ ಪರಿಚಯವು ಅದರ ಮೇಲ್ಮೈಯಿಂದ ಕೆಳಗಿಳಿಯುವುದು ಅಪೂರ್ವ. ರಜೆಯ ದಿನಗಳಲ್ಲಿ ಸಂಸಾರಸಮೇತರಾಗಿ ಕಡಲತೀರಕ್ಕೆ ಹೋಗುತ್ತೇವೆ. ಅಲೆಗಳಲ್ಲಿ ಕಾಲು ನೆನೆಸಿ, ಸೂರ್ಯಾಸ್ತಮಯವನ್ನು ನೋಡಿ ಹಿಂದಿರುಗುತ್ತೇವೆ. ನೀರಿನ ಕೆಳಗಣ ಜೀವನವು ಎಂತಹುದೆಂಬ ಮಕ್ಕಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸತಕ್ಕದ್ದು ಕಡಲತೀರದ ಚಿಕ್ಕ ಮತ್ಸ್ಯಾಲಯ. ಅದನ್ನು ಹೇಗೆ ನೋಡಬೇಕು, ಅದರಿಂದ ಏನನ್ನು ತಿಳಿಯಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಗಾಜಿನ ತೊಟ್ಟಿಗಳಲ್ಲಿ ಜಲಚರಗಳನ್ನಿಟ್ಟು ಜನರಿಗೆ ತೋರಿಸುವ ಸಾರ್ವಜನಿಕ ಮತ್ಸ್ಯಾಲಯವು ಮೊದಲು ತೆರೆದುದು 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ. ನಮ್ಮ ದೇಶದಲ್ಲಿ 1909ರಲ್ಲಿ ಮದರಾಸಿನ ಮರೀನಾ ತೀರದಲ್ಲಿ ಇಂತಹುದೊಂದು ಸ್ಥಾಪಿತವಾಯಿತು. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಚ್ಚಿಹೋಯಿತು.

ತೊಟ್ಟಿಯ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬೀಳುವುದು ನೀರಿನೊಳಗೆ ಎಡೆಬಿಡದೆ ಮೇಲೇಳುವ ಗಾಳಿಯ ಗುಳ್ಳೆಗಳು. ಇವು ಅಲಂಕಾರಕ್ಕಾಗಿ ಇಟ್ಟವಲ್ಲ. ನಮ್ಮ ನಾಡಿನ ಬೆಚ್ಚನೆಯ ಸಮುದ್ರದ ನೀರು ಒಂದು ಲೀಟರಿನಲ್ಲಿ ಹಿಡಿದಿಡಬಲ್ಲ ಆಮ್ಲಜನಕವು ಸುಮಾರು 6 ಮಿಲಿಗ್ರಾಂ ಮಾತ್ರ. ಅಷ್ಟೇ ಪರಿಮಾಣದ ಗಾಳಿಯಲ್ಲಿ ಇದರ ನಲವತ್ತರಷ್ಟಾದರೂ ಇರುತ್ತದೆ. ನೀರು ಬೆಚ್ಚಗಾದಷ್ಟೂ ಈ ಅಲ್ಪಸಂಗ್ರಹವೂ ಕಡಮೆಯಾಗುತ್ತದೆ. ಕಡಲಿನಲ್ಲಿ ಅಲೆ, ಗಾಳಿ, ಜಲಸಸ್ಯಗಳು ಇದನ್ನು ತುಂಬುತ್ತಿರುತ್ತವೆ. ತೊಟ್ಟಿಯಲ್ಲಿ ಯಂತ್ರವೇ ತುಂಬಬೇಕು. ವಿದ್ಯುಚ್ಛಕ್ತಿಯು ಕೆಲವು ಗಂಟೆಗಳ ಕಾಲ ನಿಂತರೆ ಮೀನುಗಳ ಪ್ರಾಣಕ್ಕೇ ಸಂಚಕಾರ ಬಂದೀತು.

ಇದಕ್ಕಿಂತಲೂ ಸೂಕ್ಷ್ಮವಾದ ಕಾರ್ಯವೊಂದು ಕಣ್ಣಿಗೆ ಕಾಣದಂತೆ ನಡೆಯುತ್ತಿರುತ್ತದೆ. ಮೀನು ತನ್ನ ಶರೀರದ ಕಲ್ಮಷವನ್ನು ಬಹುಭಾಗ ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ಹೊರಹಾಕುತ್ತದೆ. ಅದು ವಿಷ. ಮರಳು, ಕಲ್ಲುಗಳ ಮೇಲೆ ನೆಲೆಸಿರುವ ಒಂದು ಜಾತಿಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಜಾತಿಯವು ನೈಟ್ರೈಟನ್ನು ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಆದಕಾರಣ ಹೊಸ ತೊಟ್ಟಿಗೆ ಒಮ್ಮೆಲೇ ಬಹಳ ಮೀನುಗಳನ್ನು ಬಿಡುವಂತಿಲ್ಲ. ಈ ಸೂಕ್ಷ್ಮಜೀವಿಗಳು ಬೆಳೆಯುವವರೆಗೆ ವಾರಗಟ್ಟಲೆ ಕಾಯಬೇಕು. ನೀರು ಆವಿಯಾದಂತೆ ಉಳಿದ ನೀರಿನ ಉಪ್ಪು ಹೆಚ್ಚುವುದರಿಂದ, ಲೀಟರಿಗೆ ಸುಮಾರು 35 ಗ್ರಾಂ ಎಂಬ ಕಡಲಿನ ಪ್ರಮಾಣವು ತಪ್ಪದಂತೆ ಸಿಹಿನೀರನ್ನು ಸೇರಿಸುತ್ತಿರಬೇಕು. ಕಡಲು ತಾನಾಗಿ ನಡೆಸುವ ಕಾರ್ಯಕ್ಕೆ ಇಲ್ಲಿ ಹಗಲಿರುಳೂ ಕಾವಲು ಬೇಕಾಗಿದೆ.

ಮಕ್ಕಳೊಡನೆ ಹೋದಾಗ ಎಲ್ಲ ತೊಟ್ಟಿಗಳನ್ನೂ ಅವಸರದಿಂದ ನೋಡುವುದಕ್ಕಿಂತ ಎರಡರ ಮುಂದೆ ನಿಧಾನವಾಗಿ ನಿಲ್ಲುವುದು ಲೇಸು. ಕಡಲಕುದುರೆಯಿದ್ದರೆ ಅದನ್ನು ನೋಡಿರಿ: ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ತನ್ನ ಹೊಟ್ಟೆಯ ಚೀಲದಲ್ಲಿ ಹೊತ್ತು ಮರಿಮಾಡುತ್ತದೆ. ಆನಿಮೊನಿ ಎಂಬ ಹೂವಿನಾಕಾರದ ಪ್ರಾಣಿಯ ಕುಟುಕುವ ಎಳೆಗಳ ನಡುವೆ ಕಿತ್ತಲೆ ಬಣ್ಣದ ಕೋಡಂಗಿ ಮೀನು ನಿರ್ಭಯವಾಗಿ ವಾಸಿಸುತ್ತದೆ. ಅದರ ಮೈಯ ಲೋಳೆಯೇ ಅದಕ್ಕೆ ರಕ್ಷೆ. ಗಾಜನ್ನು ಬೆರಳಿನಿಂದ ಬಡಿಯಬಾರದೆಂದು ಮಕ್ಕಳಿಗೆ ಹೇಳುವಾಗ ಕಾರಣವನ್ನೂ ಹೇಳಬೇಕು. ಮೀನಿನ ಪಕ್ಕೆಗಳುದ್ದಕ್ಕೂ ನೀರಿನ ಕಂಪನಗಳನ್ನು ಗ್ರಹಿಸುವ ಇಂದ್ರಿಯವಿದೆ. ನಮ್ಮ ವಿನೋದದ ಬಡಿತವು ಅದಕ್ಕೆ ಬೆದರಿಕೆ.

ಕಡಲಿನ ಮೇಲಣ ಪ್ರೀತಿಯೇ ಕಡಲಿಗೆ ಕೇಡಾದ ಒಂದು ನಿದರ್ಶನವನ್ನು ಇಲ್ಲಿ ಹೇಳಬೇಕು. ಲಂಡನ್ನಿನ ಆ ಮೊದಲ ಮತ್ಸ್ಯಾಲಯಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಒಬ್ಬನಾದ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಇಂಗ್ಲೆಂಡಿನ ಡೆವನ್ ತೀರದ ಬಂಡೆಗಳ ನಡುವಣ ನೀರುಗುಂಡಿಗಳನ್ನು ಕುರಿತು ರಮಣೀಯವಾದ ಗ್ರಂಥಗಳನ್ನು ಬರೆದನು. ಅವನ್ನು ಓದಿದ ಜನರು ಬುಟ್ಟಿ, ಉಳಿಗಳೊಡನೆ ತೀರಕ್ಕೆ ಮುಗಿಬಿದ್ದರು. ಮನೆಮನೆಯ ಗಾಜಿನ ತೊಟ್ಟಿಗಳಿಗಾಗಿ ಗುಂಡಿಗಳನ್ನು ಬರಿದುಮಾಡಿದರು. ಆತನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟಿಸಿದ ಸ್ಮರಣಗ್ರಂಥದಲ್ಲಿ ಈ ನಾಶವನ್ನೂ, ಇದಕ್ಕೆ ತನ್ನ ಪುಸ್ತಕಗಳೇ ಕಾರಣವಾದವೆಂದು ತಂದೆಯು ಪಟ್ಟ ಸಂತಾಪವನ್ನೂ ವರ್ಣಿಸಿದ್ದಾನೆ.

ಇಂತಹ ನೀರುಗುಂಡಿಗಳು ನಮ್ಮಲ್ಲಿಯೂ ಉಂಟು. ಉಳ್ಳಾಲದ ಬಳಿಯ ಸೋಮೇಶ್ವರ, ಗೋಕರ್ಣದ ಓಂ ತೀರ ಮೊದಲಾದೆಡೆಗಳಲ್ಲಿ ಇಳಿತದ ವೇಳೆ ಬಂಡೆಗಳ ನಡುವೆ ನೀರು ನಿಲ್ಲುತ್ತದೆ. ದಿನಕ್ಕೆ ಸಾಮಾನ್ಯವಾಗಿ ಎರಡು ಇಳಿತಗಳು. ಪ್ರತಿದಿನವೂ ಅವು ಸುಮಾರು 50 ನಿಮಿಷ ತಡವಾಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಮಳೆಗಾಲವನ್ನು ಬಿಟ್ಟು, ಸ್ಥಳದ ಬೆಸ್ತರನ್ನು ವೇಳೆ ಕೇಳಿಕೊಂಡು, ನೀರು ಏರುವ ಮೊದಲೇ ಹಿಂದಿರುಗುವಂತೆ ಹೋಗಬೇಕು. ತೊಟ್ಟಿಯಲ್ಲಿ ಕಂಡ ಏಡಿಯ ನೆಂಟನನ್ನು ಅಲ್ಲಿ ಅದರ ಸ್ವಂತ ಮನೆಯಲ್ಲಿಯೇ ಕಾಣಬಹುದು.

ಆಗ ಯಾವುದಾದರೊಂದು ಮಗು ಅದನ್ನು ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯಬೇಕೆಂದು ಹಟಮಾಡುವುದು ಸಹಜ. ಕಡಲಕುದುರೆ, ಹವಳಗಳಿಗೆ 2001ರಿಂದ ನಮ್ಮ ದೇಶದ ವನ್ಯಜೀವಿ ಕಾನೂನಿನ ರಕ್ಷಣೆಯುಂಟು. ಆದರೆ ಏಡಿಯ ವಿಷಯದಲ್ಲಿ ನಮ್ಮ ವಿವೇಕವೇ ಕಾನೂನಾಗಬೇಕು. ಯಂತ್ರವೂ ಕಾವಲುಗಾರರೂ ಇರುವ ಮತ್ಸ್ಯಾಲಯದಲ್ಲಿಯೇ ಆ ಜೀವವನ್ನು ಉಳಿಸುವುದು ಎಷ್ಟು ಕಷ್ಟವೆಂಬುದನ್ನು ಮಗುವು ಬೆಳಿಗ್ಗೆ ನೋಡಿದೆ. ಅದನ್ನೇ ನೆನಪಿಗೆ ತಂದುಕೊಟ್ಟರೆ, ಏಡಿಯನ್ನು ಮಗು ತನ್ನ ಕೈಯಿಂದಲೇ ಗುಂಡಿಗೆ ಬಿಟ್ಟೀತು.