ಹಾವು ಕಾಣದ ದ್ವೀಪಗಳು

ಹಾವೆಂದೊಡನೆ ಕೈಮುಗಿಯುವವರೂ ಕೋಲು ಹುಡುಕುವವರೂ ಒಂದೇ ಮನೆಯಲ್ಲಿರುವ ನಾಡು ನಮ್ಮದು. ನಾಗರಪಂಚಮಿಗೆ ತಪ್ಪದೆ ಹಾಲೆರೆಯುವ ನಮಗೆ, ನೆಲದ ಮೇಲೆ ಹಾವೇ ಇಲ್ಲದ ದೇಶಗಳುಂಟೆಂದರೆ ನಂಬಿಕೆ ಬರುವುದು ಕಷ್ಟ. ಆದರೂ ಉಂಟು.

ಐರ್ಲೆಂಡಿನವರು ಇದಕ್ಕೊಂದು ಸೊಗಸಾದ ಕಥೆ ಹೇಳುವರು. ಐದನೆಯ ಶತಮಾನದ ಸಂತ ಪ್ಯಾಟ್ರಿಕನು ಹಾವುಗಳನ್ನೆಲ್ಲ ಕಡಲಿಗೆ ಅಟ್ಟಿದನಂತೆ. ಸಂತನ ಮಹಿಮೆಯ ಬಗೆಗೆ ನಮ್ಮ ತಕರಾರಿಲ್ಲ. ಆದರೆ ಅಟ್ಟುವುದಕ್ಕೆ ಅಲ್ಲಿ ಹಾವುಗಳು ಇದ್ದಿರಬೇಕಷ್ಟೆ! ಹಿಮಯುಗದಲ್ಲಿ ಆ ದ್ವೀಪದ ಬಹುಭಾಗ ಮಂಜುಗಡ್ಡೆಯ ಅಡಿಯಲ್ಲಿದ್ದಿತು. ಹಾವಿನ ಮೈಗೆ ಸ್ವಂತ ಕಾವಿಲ್ಲ. ಬಿಸಿಲಿನ ಆಸರೆಯಿಲ್ಲದೆ ಅದು ಬದುಕಲಾರದು. ಹಿಮ ಕರಗಿದ ಮೇಲೆ ಹಾವುಗಳು ದಕ್ಷಿಣ ಯೂರೋಪಿನಿಂದ ಮೆಲ್ಲನೆ ಉತ್ತರಕ್ಕೆ ಸರಿದವು. ಅಷ್ಟರಲ್ಲಿ ಏರಿಬಂದ ಸಮುದ್ರವು ಐರ್ಲೆಂಡನ್ನು ಬೇರ್ಪಡಿಸಿಬಿಟ್ಟಿತ್ತು. ನೆರೆಯ ಬ್ರಿಟನ್ ಮಾತ್ರ ಸುಮಾರು 8,000 ವರ್ಷಗಳ ಹಿಂದಿನವರೆಗೂ ಯೂರೋಪಿಗೆ ಅಂಟಿಕೊಂಡಿದ್ದುದರಿಂದ ಮೂರು ಜಾತಿಯ ಹಾವುಗಳು ಅಲ್ಲಿ ಒಳಹೊಕ್ಕು ನೆಲೆಸಿದವು. ರಾತ್ರಿಯ ಕಡೆಯ ಲೋಕಲ್ ತಪ್ಪಿದವರ ಪಾಡನ್ನು ಮುಂಬಯಿಯ ವಾಚಕರಿಗೆ ವಿವರಿಸಬೇಕಾಗಿಲ್ಲ.

ನ್ಯೂಜಿಲೆಂಡಿನ ಸಂಗತಿ ಇನ್ನೂ ಹಳೆಯದು. ಗೊಂಡ್ವಾನವೆಂಬ ಮಹಾಭೂಖಂಡದಿಂದ (ಹೆಸರು ನಮ್ಮ ಮಧ್ಯಭಾರತದ ಗೊಂಡರ ನಾಡಿನದು) ಅದು ಸುಮಾರು 8 ಕೋಟಿ ವರ್ಷಗಳ ಹಿಂದೆಯೇ ಬೇರ್ಪಟ್ಟಿತು. ಹವಾಯಿಯಂತೂ ಜ್ವಾಲಾಮುಖಿಯಿಂದ ಕಡಲ ನಡುವೆ ಎದ್ದುದು. ಯಾವ ಖಂಡವನ್ನೂ ಎಂದೂ ಮುಟ್ಟಿದ್ದಿಲ್ಲ. ಮನುಷ್ಯನು ತಂದ ಹೂಕುಂಡಗಳ ಮಣ್ಣಿನಲ್ಲಿ ಎರೆಹುಳುವಿನಂಥ ನಿರುಪದ್ರವಿ ಕುರುಡು ಹಾವೊಂದು ಅಲ್ಲಿಗೂ ತಲಪಿದೆ.

ಎಲ್ಲ ಆಗಂತುಕರೂ ಇಷ್ಟು ಸಾಧುಗಳಲ್ಲ. ಶಾಂತಸಾಗರದ ಗುವಾಂ ದ್ವೀಪದ ಹಕ್ಕಿಗಳು ಮರವೇರುವ ಹಾವನ್ನು ಕಂಡೇ ಇರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ, ಬಹುಶಃ ಸೈನ್ಯದ ಸರಕಿನೊಳಗೆ ಅಡಗಿ, ಕಂದುಬಣ್ಣದ ಮರಹಾವು ಅಲ್ಲಿ ಬಂದಿಳಿಯಿತು. ಶತ್ರುವನ್ನರಿಯದ ಹಕ್ಕಿಗಳು, ಅವುಗಳ ಮೊಟ್ಟೆಮರಿಗಳು ಅದಕ್ಕೆ ಸುಲಭದ ತುತ್ತಾದವು. ಕಾಡಿನ 12 ಜಾತಿಯ ಹಕ್ಕಿಗಳಲ್ಲಿ 10 ಜಾತಿಗಳು ದ್ವೀಪದ ಕಾಡಿನಿಂದ ಅಳಿದವು. ಅಲ್ಲಿಯ ಮಿಂಚುಳ್ಳಿಯ ಕುಲವು ಮೃಗಾಲಯಗಳ ಪಂಜರದಲ್ಲಿ ಸಾಕಿದ್ದರಿಂದ ಮಾತ್ರ ಉಳಿಯಿತು. ಹಾವುಗಳು ವಿದ್ಯುತ್ ಕಂಬಗಳನ್ನೇರಿ ಊರಿನ ದೀಪಗಳನ್ನೂ ಆರಿಸಿದುವು. ತಲೆನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್ ಆ ಹಾವಿಗೆ ವಿಷ. ಅದನ್ನಿಟ್ಟ ಸತ್ತ ಇಲಿಮರಿಗಳನ್ನು ಹೆಲಿಕಾಪ್ಟರಿನಿಂದ ಕಾಡಿಗೆ ಉದುರಿಸಿದ್ದೂ ಉಂಟು. ಕಳೆದುಹೋದ ಹಕ್ಕಿಗಳು ಅದರಿಂದ ಮರಳಲಿಲ್ಲ.

ಹವಾಯಿಯವರಿಗೆ ಈಗ ಇದೇ ಭಯ. ಆದುದರಿಂದಲೇ ಗುವಾಂನಿಂದ ಹೊರಡುವ ಸರಕನ್ನು, ಹಾವಿನ ವಾಸನೆ ಹಿಡಿಯಲು ಪಳಗಿಸಿದ ನಾಯಿಗಳಿಂದ ಮೂಸಿಸಿದ ಮೇಲೆಯೇ ಹಡಗು, ವಿಮಾನಗಳಿಗೆ ಏರಿಸುವರು.